ರೆಪ್ಪೆ ಕೂದಲಿಗೆ ಹರಳೆಣ್ಣೆ, ಪಾರ್ಲರ್, ಸೀರಮ್, ಡಾಕ್ಟರ್ ಬರೆದ ಡ್ರಾಪ್ಸ್: ನಾನು ಕಂಡ ವ್ಯತ್ಯಾಸ

ಈ ನಾಲ್ಕನ್ನೂ ನನ್ನ ಕಣ್ಣಿಗೇ ಬಳಸಿ ನೋಡಿದ್ದೇನೆ. ಕೂದಲು ನಿಜವಾಗಿ ಬೆಳೆದದ್ದು ಎರಡರಿಂದ ಮಾತ್ರ. ಆ ಎರಡರಲ್ಲೂ ಇದ್ದದ್ದು ಒಂದೇ ಜಾತಿಯ ಔಷಧಿ. ಒಂದು ಡಾಕ್ಟರ್ ಚೀಟಿ ಇದ್ದರೆ ಮಾತ್ರ ಕೊಡಬೇಕಾದದ್ದು. ಇನ್ನೊಂದು ಸೌಂದರ್ಯ ಸಾಮಗ್ರಿ ಎಂಬ ಹೆಸರಲ್ಲಿ ಯಾರು ಕೇಳಿದರೂ ಆನ್‌ಲೈನಲ್ಲಿ ಸಿಗುತ್ತದೆ. ಇಷ್ಟು ಗೊತ್ತಾದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ನನ್ನ ರೆಪ್ಪೆ ಮೊದಲಿಂದಲೂ ಅಷ್ಟೇನೂ ದಟ್ಟವಲ್ಲ. ನಲವತ್ತು ದಾಟಿದ ಮೇಲೆ ಇನ್ನೂ ತೆಳುವಾಯಿತು. ಮುಖ ತೊಳೆದು ಒರೆಸಿದಾಗ ಟವೆಲಿನಲ್ಲಿ ಒಂದೆರಡು ಕೂದಲು ಕಾಣುತ್ತಿತ್ತು.

ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ಮೊದಲ ಸಲಹೆ ಹರಳೆಣ್ಣೆ. "ರಾತ್ರಿ ಮಲಗೋವಾಗ ಒಂಚೂರು ಸವರಿಕೋ, ದಟ್ಟವಾಗಿ ಬರತ್ತೆ" ಎಂದು ಅತ್ತೆ ಹೇಳಿದರು. ತಿಂಗಳುಗಟ್ಟಲೆ ಸವರಿದೆ. ಕೂದಲು ಕಪ್ಪಗೆ ಹೊಳೆಯುತ್ತದೆ, ಮೃದುವಾಗುತ್ತದೆ, ಒಣಗಿ ಮುರಿಯುವುದು ಕಡಿಮೆಯಾಗುತ್ತದೆ. ಎಣ್ಣೆ ಹಚ್ಚಿದ ಕೂದಲು ಕೊಂಚ ದಪ್ಪಗೆ ಕಾಣುತ್ತದೆ, ಹಾಗಾಗಿ ಬೆಳೆದಂತೆ ಅನ್ನಿಸುತ್ತದೆ. ಆದರೆ ಉದ್ದವಾಗಲಿಲ್ಲ, ಹೊಸದೂ ಬರಲಿಲ್ಲ. ಹರಳೆಣ್ಣೆ ರೆಪ್ಪೆ ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ಹಾನಿ ಕಡಿಮೆ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಜಾಸ್ತಿ ಹಚ್ಚಿದರೆ ಕಣ್ಣಿಗಿಳಿದು ಬೆಳಗ್ಗೆ ನೋಟ ಮಂಜಾಗುತ್ತದೆ, ಅಷ್ಟೇ. ಇಷ್ಟಪಟ್ಟು ಹಚ್ಚಿಕೊಳ್ಳುವವರಿಗೆ ನಾನು ಬೇಡ ಅನ್ನುವುದಿಲ್ಲ.

ಪಾರ್ಲರಿನ ಎಕ್ಸ್‌ಟೆನ್ಶನ್ ಬೇರೆಯೇ ಲೆಕ್ಕ. ಅಲ್ಲಿ ಏನೂ ಬೆಳೆಯುವುದಿಲ್ಲ, ಅಂಟಿಸುತ್ತಾರೆ. ನಮ್ಮ ಒಂದೊಂದು ಕೂದಲಿಗೂ ಒಂದೊಂದು ಕೃತಕ ಎಳೆ. ಎರಡು ಗಂಟೆ ಕಣ್ಣು ಮುಚ್ಚಿ ಮಲಗಬೇಕು. ಎದ್ದು ಕನ್ನಡಿ ನೋಡಿಕೊಂಡರೆ ನಿಜಕ್ಕೂ ಖುಷಿಯಾಗುತ್ತದೆ. ಬೇರೆ ಯಾವುದೂ ಒಂದೇ ದಿನದಲ್ಲಿ ಅಷ್ಟು ಬದಲಾವಣೆ ತರುವುದಿಲ್ಲ. ಆದರೆ ಅಂಟು ಸೈನೊಆಕ್ರಿಲೇಟ್, ಅಂದರೆ ಸೂಪರ್ ಗ್ಲೂ ಜಾತಿಯದು, ಅದರ ಆವಿಗೇ ಕೆಲವರ ಕಣ್ಣು ಕೆಂಪಾಗುತ್ತದೆ. ನಾನು ಹೋದ ಒಂದು ಕಡೆ ಅಂಟು ರೆಪ್ಪೆಯ ಚರ್ಮಕ್ಕೂ ತಾಗಿ ಎರಡು ದಿನ ಊದಿಕೊಂಡಿತ್ತು. ಎರಡು ಮೂರು ವಾರಕ್ಕೊಮ್ಮೆ ಮತ್ತೆ ತುಂಬಿಸಬೇಕು. ಎಣ್ಣೆ ಹಚ್ಚುವಂತಿಲ್ಲ, ಕಣ್ಣು ಉಜ್ಜುವಂತಿಲ್ಲ. ನನ್ನಂಥ ತೆಳು ರೆಪ್ಪೆಗೆ ದಪ್ಪ ಎಳೆ ಅಂಟಿಸುವುದೆಂದರೆ ಎಳೆ ಬಳ್ಳಿಗೆ ಕುಂಬಳಕಾಯಿ ಕಟ್ಟಿದ ಹಾಗೆ. ಭಾರಕ್ಕೆ ಬುಡದ ಕೂದಲೂ ಬಿದ್ದು, ತೆಗೆಸಿದ ಮೇಲೆ ಮೊದಲಿಗಿಂತ ಬೋಳಾಗಿ ಕಂಡಿತು. ಮದುವೆ ಮನೆಗೆ ಒಂದು ದಿನ ಚೆನ್ನಾಗಿ ಕಾಣಬೇಕು ಅಂದರೆ ಪಟ್ಟಿಯಂತೆ ಅಂಟಿಸಿಕೊಂಡು ಸಂಜೆ ತೆಗೆದಿಡುವ ಕೃತಕ ರೆಪ್ಪೆಯೇ ಎಷ್ಟೋ ಮೇಲು.

ಆಮೇಲೆ ಸೀರಮ್. ತಂಗಿ ಮಗಳು ತರಿಸಿಕೊಟ್ಟಳು. ಐಲೈನರ್ ಥರ ಸಣ್ಣ ಬ್ರಷ್, ದಿನಾ ರಾತ್ರಿ ಒಂದು ಗೆರೆ. ಮೊದಲು ಬಳಸಿದ್ದು ಪೆಪ್ಟೈಡ್, ಬಯೋಟಿನ್ ಇದ್ದದ್ದು. ಅದರಿಂದ ಹರಳೆಣ್ಣೆಗಿಂತ ಹೆಚ್ಚೇನೂ ಆಗಲಿಲ್ಲ. ಎರಡನೆಯ ಕಂಪನಿಯದು ಹಚ್ಚಿದ ಕೆಲವೇ ವಾರಗಳಲ್ಲಿ ರೆಪ್ಪೆ ಉದ್ದವಾಗತೊಡಗಿತು. ಜೊತೆಗೆ ಅಂಚು ಕೆಂಪಾಗಿ ತುರಿಸಿತು. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಆಗ ಓದಿದೆ. ಒಳಗೆ ಏನೇನಿದೆ ಎಂಬ ಪಟ್ಟಿಯ ಕೊನೆಯಲ್ಲಿ ಐಸೊಪ್ರೊಪಿಲ್ ಕ್ಲೋಪ್ರೊಸ್ಟೆನೇಟ್ ಅಂತ ಇತ್ತು.

ಇದು ಗ್ಲಾಕೋಮಾಕ್ಕೆ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ನೋಟ ಕೆಡುವ ಕಾಯಿಲೆಗೆ, ಕೊಡುವ ಕಣ್ಣಿನ ಡ್ರಾಪ್ಸಿನ ಹತ್ತಿರದ ನಂಟು. ಪ್ರೊಸ್ಟಗ್ಲಾಂಡಿನ್ ಎಂಬ, ನಮ್ಮ ದೇಹದಲ್ಲೇ ಇರುವ ಹಾರ್ಮೋನಿನಂಥ ವಸ್ತುವನ್ನು ಹೋಲುವ ಔಷಧಿಗಳ ಗುಂಪಿನದು. ಡಬ್ಬಿಯ ಮುಂದೆ "ನೈಸರ್ಗಿಕ ಸಾರ" ಅಂತ ದೊಡ್ಡದಾಗಿ ಬರೆದಿತ್ತು. ಈ ಗುಂಪಿನ ಔಷಧಿಯಿಂದ ಕಣ್ಣಿನ ಬಣ್ಣ ಬದಲಾಗಬಹುದು ಎಂಬ ಒಂದು ಸಾಲು ಮಾತ್ರ ಎಲ್ಲೂ ಇರಲಿಲ್ಲ. ಎಷ್ಟು ಪ್ರಮಾಣ ಇದೆ ಅಂತಲೂ ಇಲ್ಲ. ನನಗೆ ಕೋಪ ಬಂದದ್ದು ಇದಕ್ಕೇ. ನೀವು ಸೀರಮ್ ಕೊಳ್ಳುವುದಾದರೆ ಪಟ್ಟಿಯಲ್ಲಿ "ಪ್ರೊಸ್ಟ್" ಎಂಬ ತುಂಡು ಇರುವ ಹೆಸರು ಇದೆಯಾ ನೋಡಿ. ಇದ್ದರೆ ಅದನ್ನು ಔಷಧಿ ಅಂತಲೇ ಎಣಿಸಿ.

ಔಷಧಿಯನ್ನೇ ಬಳಸುವುದಾದರೆ ಕಣ್ಣಿನ ಡಾಕ್ಟರನ್ನು ಕೇಳಿಯೇ ಬಳಸೋಣ ಅಂತ ಹೋದೆ.

ಅವರು ಮೊದಲು ಡ್ರಾಪ್ಸ್ ಬರೆಯಲಿಲ್ಲ. ಗಲ್ಲ ಊರಿ ಕೂರುವ ಮೆಷಿನ್ ಮುಂದೆ ಕೂರಿಸಿ ರೆಪ್ಪೆಯ ಬುಡ ನೋಡಿದರು. ಅಲ್ಲಿ ಹೊಟ್ಟು ಕಟ್ಟಿತ್ತು. ಬ್ಲೆಫರೈಟಿಸ್, ಅಂದರೆ ರೆಪ್ಪೆ ಅಂಚಿನ ಉರಿಯೂತ, ಅಂದರು. ಕೂದಲು ಉದುರುವುದಕ್ಕೆ ಅದೂ ಒಂದು ಕಾರಣ. ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ, ದಿನಾ ರೆಪ್ಪೆ ಅಂಚು ಸ್ವಚ್ಛ ಮಾಡುವುದು, ಜೊತೆಗೆ ಥೈರಾಯ್ಡ್ ಪರೀಕ್ಷೆ. ಕಣ್ಣಿನ ಒತ್ತಡವನ್ನೂ ಅಳೆದರು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ, ಕಣ್ಣೊಳಗೆ ಉರಿಯೂತ ಆಗಿತ್ತಾ, ಆಪರೇಷನ್ ಆಗಿದೆಯಾ ಎಂದೆಲ್ಲ ಕೇಳಿದರು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ತಾವು ಇದನ್ನು ಬರೆಯುವುದಿಲ್ಲ ಎಂದರು. ಇಂಥ ಪ್ರಶ್ನೆಗಳನ್ನು ಸೀರಮ್ ಮಾರುವ ವೆಬ್‌ಸೈಟ್ ಕೇಳುತ್ತದಾ?

ಹೊಟ್ಟು ಹೋದ ಮೇಲೆ ಬರೆದದ್ದು ಬೈಮಟೊಪ್ರೋಸ್ಟ್ 0.03 ಪರ್ಸೆಂಟ್. ಇದರ ಕಥೆ ಸ್ವಾರಸ್ಯವಾಗಿದೆ. ಕಣ್ಣಿನ ಒತ್ತಡ ಇಳಿಸಲು ಲುಮಿಗನ್ ಎಂಬ ಹೆಸರಲ್ಲಿ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ ಔಷಧಿ ಇದು. ಈ ಜಾತಿಯ ಡ್ರಾಪ್ಸನ್ನು ಒಂದೇ ಕಣ್ಣಿಗೆ ಹಾಕಿಕೊಳ್ಳುತ್ತಿದ್ದ ರೋಗಿಗಳಿಗೆ ಆ ಕಡೆಯ ರೆಪ್ಪೆ ಮಾತ್ರ ಉದ್ದ, ದಪ್ಪ, ಕಪ್ಪಾಗುವುದನ್ನು ಡಾಕ್ಟರುಗಳು ಗಮನಿಸಿದ್ದರು. ಬೇಡದ ಪರಿಣಾಮವೇ ಚಿಕಿತ್ಸೆಯಾಗಿ 2008ರ ಡಿಸೆಂಬರಿನಲ್ಲಿ ಲ್ಯಾಟಿಸ್ ಎಂಬ ಹೆಸರಲ್ಲಿ ರೆಪ್ಪೆಗೆಂದೇ ಒಪ್ಪಿಗೆ ಸಿಕ್ಕಿತು. ಆಗ 278 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ 16 ವಾರಕ್ಕೆ ಔಷಧಿ ಹಚ್ಚಿದವರ ರೆಪ್ಪೆ ಸರಾಸರಿ 1.4 ಮಿಲಿಮೀಟರ್ ಉದ್ದವಾಗಿತ್ತು. ಔಷಧಿ ಇಲ್ಲದ ದ್ರವ ಹಚ್ಚಿದವರದು 0.1. ಕೇಳಲು ಸಣ್ಣ ಅಂಕಿ. ಆದರೆ ರೆಪ್ಪೆಯ ಮೇಲೆ ಇದು ಕಾಲು ಭಾಗದಷ್ಟು ಹೆಚ್ಚಳ, ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಕೂದಲಿಗೂ ಬೆಳೆಯುವ ಕಾಲ, ಸುಮ್ಮನಿರುವ ಕಾಲ ಅಂತ ಇರುತ್ತದೆ. ಔಷಧಿ ಬೆಳೆಯುವ ಕಾಲವನ್ನು ಹಿಗ್ಗಿಸುತ್ತದೆ.

ಇಲ್ಲಿ ಮೆಡಿಕಲ್ ಶಾಪಿನಲ್ಲಿ ನನಗೆ ಸಿಕ್ಕಿದ್ದು ಗ್ಲಾಕೋಮಾ ಡ್ರಾಪ್ಸ್ ಎಂದೇ ಮಾರುವ ಬಾಟಲಿ, ಬ್ರಷ್ ಇಲ್ಲದ್ದು. ಕೊಳ್ಳುವಾಗ ಒಂದು ಎಚ್ಚರ ಬೇಕು. ಇದೇ ಔಷಧಿಗೆ ಟಿಮೊಲಾಲ್ ಎಂಬ, ಕಣ್ಣಿನ ಒತ್ತಡ ಇಳಿಸುವ ಇನ್ನೊಂದು ಔಷಧಿ ಸೇರಿಸಿದ ಡ್ರಾಪ್ಸ್ ಕೂಡ ಇದೆ, ಹೆಸರುಗಳು ಹತ್ತಿರ ಹತ್ತಿರ. ಆಸ್ತಮಾ ಇದ್ದವರಿಗೆ ಟಿಮೊಲಾಲ್ ಅಪಾಯ. ಚೀಟಿಯಲ್ಲಿರುವ ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ.

ಹಚ್ಚುವುದು ಹೀಗೆ. ಮುಖ ತೊಳೆದು, ಮೇಕಪ್ ಪೂರ್ತಿ ತೆಗೆದು, ಲೆನ್ಸ್ ಇದ್ದರೆ ಅದನ್ನೂ ತೆಗೆಯಬೇಕು. ಶುದ್ಧವಾದ ಸಣ್ಣ ಬ್ರಷ್ಷಿಗೆ ಒಂದೇ ಹನಿ. ಮೇಲಿನ ರೆಪ್ಪೆಯ ಬುಡದಲ್ಲಿ, ಮೂಗಿನ ಕಡೆಯಿಂದ ಹೊರಗೆ, ಒಂದು ಗೆರೆ ಎಳೆಯುವುದು. ಬೆರಳಿನ ಮೇಲೆ ನೀರು ಸವರಿದಷ್ಟು ತೆಳ್ಳಗೆ ಇದ್ದರೆ ಸಾಕು, ಹರಿಯಬಾರದು. ಹರಿದರೆ ತಕ್ಷಣ ಟಿಶ್ಯೂವಿನಲ್ಲಿ ಒತ್ತಿ ತೆಗೆಯಬೇಕು, ಯಾಕೆಂದರೆ ಔಷಧಿ ಮತ್ತೆ ಮತ್ತೆ ತಾಗಿದ ಕೆನ್ನೆಯ ಮೇಲೂ ಕೂದಲು ಬರಬಹುದು. ಇನ್ನೊಂದು ಕಣ್ಣಿಗೆ ಬೇರೆ ಬ್ರಷ್. ಕೆಳಗಿನ ರೆಪ್ಪೆಗೆ ಹಚ್ಚಲೇಬಾರದು. ಕಣ್ಣು ಮುಚ್ಚಿದಾಗ ಎಷ್ಟು ಬೇಕೋ ಅಷ್ಟು ತಾನಾಗಿಯೇ ತಾಗುತ್ತದೆ.

ಮೊದಲ ತಿಂಗಳು ಏನೂ ಇಲ್ಲ. ಎರಡನೆಯದರಲ್ಲಿ ಹೊರ ಮೂಲೆಯ ಕೂದಲು ಮೊದಲು ಉದ್ದವಾಯಿತು, ಕನ್ನಡಕದ ಗಾಜಿಗೆ ತಾಗತೊಡಗಿತು. ಆಗಲೇ ನನಗೆ ನಂಬಿಕೆ ಬಂದದ್ದು. ನಾಲ್ಕು ತಿಂಗಳ ಹೊತ್ತಿಗೆ ಕಾಡಿಗೆ ಹಚ್ಚದೆಯೂ ಕಣ್ಣು ಎದ್ದು ಕಾಣುತ್ತಿತ್ತು. ಒಂದೆರಡು ಕೂದಲು ಸೊಟ್ಟಗೆ ಬಂದವು, ಅದು ಸಾಮಾನ್ಯವಂತೆ.

ಅಡ್ಡ ಪರಿಣಾಮದ ಬಗ್ಗೆ ಓದುವಾಗೆಲ್ಲ ನೀಲಿ, ಹಸಿರು ಕಣ್ಣು ಕಂದಾಗುವುದೇ ದೊಡ್ಡ ಭಯ ಅಂತ ಕಾಣುತ್ತದೆ. ಆ ಬಣ್ಣ ಒಮ್ಮೆ ಬದಲಾದರೆ ವಾಪಸು ಬರುವುದಿಲ್ಲ ಎಂದೇ ತಿಳಿಯಬೇಕು. ನಮ್ಮಲ್ಲಿ ಬಹುತೇಕರ ಕಣ್ಣು ಮೊದಲೇ ಗಾಢ ಕಂದು. ಅದು ಇನ್ನಷ್ಟು ಗಾಢವಾದರೂ ಗೊತ್ತಾಗುವುದು ಕಷ್ಟ. ನಮಗೆ ಗೊತ್ತಾಗುವುದು ಚರ್ಮ. ರೆಪ್ಪೆಯ ಅಂಚು, ಕಣ್ಣಿನ ಸುತ್ತ ಕಪ್ಪಾಗುತ್ತದೆ. ಕಣ್ಣಿನ ಕೆಳಗೆ ಮೊದಲೇ ಕಪ್ಪಿದ್ದವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ? ನನಗೆ ಕಾಡಿಗೆ ಅಳಿಸಿದರೂ ಉಳಿದಂಥ ಒಂದು ನೆರಳು ಬಂತು. ಹಚ್ಚುವುದು ಕಡಿಮೆ ಮಾಡಿದ ಮೇಲೆ ನಿಧಾನವಾಗಿ ತಿಳಿಯಾಯಿತು. ಕೆಲವರಿಗೆ ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ವಯಸ್ಸಾದಂತೆ ಹೇಗೂ ಮುಖ ಸೊರಗುತ್ತದೆ, ಹಾಗಾಗಿ ಡಾಕ್ಟರ್ ಪ್ರತಿ ಸಲ ಹಳೆಯ ಫೋಟೋ ಪಕ್ಕ ಇಟ್ಟು ಇದನ್ನು ನೋಡುತ್ತಾರೆ. ಸೀರಮಿನಿಂದಲೂ ಇದೆಲ್ಲ ಆಗಬಹುದು, ಅಲ್ಲಿ ನೋಡುವವರು ಮಾತ್ರ ಇರುವುದಿಲ್ಲ.

ದುಡ್ಡಿನ ಲೆಕ್ಕದಲ್ಲೂ ಡ್ರಾಪ್ಸೇ ನನಗೆ ಅಗ್ಗವಾಯಿತು. ಎಕ್ಸ್‌ಟೆನ್ಶನ್ನಿನ ಒಂದು ಸಲದ ಖರ್ಚಿಗಿಂತ ಬಾಟಲಿ ಕಡಿಮೆ. ತೆರೆದ ಬಾಟಲಿಯನ್ನು ತಿಂಗಳಾದ ಮೇಲೆ ಬಿಸಾಡುತ್ತೇನೆ, ಉಳಿದಿದ್ದರೂ ಸರಿ. ಅದರಲ್ಲಿ ಜಿಪುಣತನ ಮಾಡಿ ಕಣ್ಣಿಗೆ ಸೋಂಕು ತಂದುಕೊಳ್ಳುವುದು ಬೇಡ.

ನಿಲ್ಲಿಸಿದರೆ ಕೆಲವು ವಾರಗಳಿಂದ ತಿಂಗಳುಗಳಲ್ಲಿ ರೆಪ್ಪೆ ಮೊದಲಿದ್ದಂತೆಯೇ ಆಗುತ್ತದೆ, ಮೊದಲಿಗಿಂತ ಕಮ್ಮಿ ಆಗುವುದಿಲ್ಲ. ಎಕ್ಸ್‌ಟೆನ್ಶನ್ ತೆಗೆಸಿದಾಗ ಕಂಡ ಬೋಳುತನ ಇಲ್ಲಿಲ್ಲ. ನಾನೀಗ ಡಾಕ್ಟರ್ ಹೇಳಿದಂತೆ ದಿನ ಬಿಟ್ಟು ದಿನ ಹಚ್ಚುತ್ತಿದ್ದೇನೆ. ಉದ್ದ ಹಾಗೇ ಉಳಿದಿದೆ, ಅಂಚಿನ ಕಪ್ಪು ಮಾತ್ರ ಇಳಿದಿದೆ. ತಂಗಿ ಮಗಳಿಗೂ ಸೀರಮ್ ಡಬ್ಬಿಯನ್ನು ತೆಗೆದುಕೊಂಡೇ ಒಮ್ಮೆ ಕಣ್ಣು ತೋರಿಸಿ ಬಾ ಅಂದಿದ್ದೇನೆ. ಅವಳಿಗೆ ಲೆನ್ಸ್ ಹಾಕುವ ಅಭ್ಯಾಸ ಬೇರೆ ಇದೆ.