ತುಂಬಿದ ತೋಟಾ ತೂಗಿ ನೋಡಿ ನೆಮ್ಮದಿಯಾಗಬೇಡಿ

.308 ವಿಂಚೆಸ್ಟರ್ ಎಂಬ ಅಳತೆ, ಪ್ರತಿ ಸಲ ಹಿಡಿಯನ್ನು ಕೈಯಲ್ಲೇ ಎತ್ತಿ ಎಳೆಯುವ ಬೋಲ್ಟ್ ರೈಫಲ್, ಕೈಯಲ್ಲಿ ತುಂಬಿದ 50 ತೋಟಾ. ಮೊದಲ 10ರ ವೇಗವನ್ನು ಕ್ರೋನೋಗ್ರಾಫ್‌ನಲ್ಲಿ ನೋಡಿದರೆ ಏರಿಳಿತ ತೀರಾ ಕಡಿಮೆ. ಗುರಿಹಲಗೆಯಲ್ಲೂ ತೂತುಗಳು ಒತ್ತೊತ್ತಾಗಿ ಬಿದ್ದಿದ್ದವು. 32ನೆಯದು ಹಾರಿದ ಮೇಲೆ ಬೋಲ್ಟಿನ ಹಿಡಿ ಮೇಲೇಳಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಿದಾಗ ಕೇಸಿನ (ತೋಟಾದ ಹಿತ್ತಾಳೆ ಕೊಳವೆಯ) ಬುಡದಲ್ಲಿ ಇಜೆಕ್ಟರ್, ಅಂದರೆ ಖಾಲಿ ಕೇಸನ್ನು ಹೊರದಬ್ಬುವ ಭಾಗದ ಅಚ್ಚು ಹೊಳೆಯುತ್ತಿತ್ತು; ಒತ್ತಡ ಮಿತಿ ಮೀರಿದ್ದರ ಗುರುತು. ಬುಡದ ಗುಳಿ ಹಿಗ್ಗಿ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ತಾನಾಗಿಯೇ ಉದುರಿತು. ಶೂಟಿಂಗ್ ಅಲ್ಲಿಗೇ ನಿಂತಿತು.

ಉಳಿದ 18ನ್ನೂ ಬಿಚ್ಚಿ ಮದ್ದು ತೂಗಿದಾಗ ಗುಟ್ಟು ಬಯಲಾಯಿತು. ತುಂಬಿದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸಿದ್ದು ಒಳ್ಳೆಯದೇ ಆಯಿತು. 16 ಸರಿಯಿದ್ದವು. ಅಕ್ಕಪಕ್ಕದ ಎರಡರಲ್ಲಿ ಮೊದಲನೆಯದಕ್ಕೆ 2.7 ಗ್ರೇನ್ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಕಡಿಮೆ, ಮುಂದಿನದಕ್ಕೆ 2.6 ಗ್ರೇನ್ ಜಾಸ್ತಿ. ಕಡ್ಡಿಯಂಥ ಕಾಳಿನ ಮದ್ದು ಅಳತೆಯಂತ್ರದ ಕೊಳವೆಯಲ್ಲಿ ಒಂದಕ್ಕೊಂದು ಅಡ್ಡ ಸಿಕ್ಕಿಕೊಂಡು ತಡೆ ಕಟ್ಟುತ್ತದೆ. ಒಂದು ಕೇಸಿಗೆ ಅರೆಹೊಟ್ಟೆ. ಆ ತಡೆ ಕುಸಿದಾಗ ಮುಂದಿನದಕ್ಕೆ ಅದರ ಪಾಲೂ ಸೇರಿ ಬೀಳುತ್ತದೆ. ಗರಿಷ್ಠ ಅಳತೆಯ ಹತ್ತಿರ ತುಂಬುವವರಿಗೆ ಒತ್ತಡ ಮಿತಿ ಮೀರಲು ಇಷ್ಟೇ ಸಾಕು; .308ಕ್ಕೆ ನಿಗದಿಯಾದ ಗರಿಷ್ಠ ಒತ್ತಡವೇ 62,000 ಪಿಎಸ್ಐ (ಚದರ ಇಂಚಿಗೆ ಪೌಂಡ್).

ಈ 50ನ್ನೂ ತುಂಬಿದ ಮೇಲೆ ಒಂದೊಂದಾಗಿ ತೂಗಲಾಗಿತ್ತು ಎಂಬುದೇ ಇಲ್ಲಿನ ವಿಷಯ. ಒಂದೇ ಲಾಟಿನ ಕೇಸುಗಳಲ್ಲೇ ಒಂದೆರಡು ಗ್ರೇನ್ ಹೆಚ್ಚುಕಮ್ಮಿ ಮಾಮೂಲು. ಬೇರೆ ಬೇರೆ ತಯಾರಕರ ಕೇಸುಗಳು ಬೆರೆತರೆ 10 ಗ್ರೇನ್ ದಾಟುವುದೂ ಉಂಟು. ಅದರ ಮೇಲೆ ಗುಂಡಿನ ವ್ಯತ್ಯಾಸ. ಈ ಗದ್ದಲದಲ್ಲಿ 2.6 ಗ್ರೇನ್ ಮದ್ದು ಸದ್ದಿಲ್ಲದೆ ಅಡಗುತ್ತದೆ. ಹಿತ್ತಾಳೆ ದಪ್ಪವಿರುವ ಭಾರದ ಕೇಸಿಗೆ ಒಳಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು; ಆದ್ದರಿಂದ ಕೇಸುಗಳನ್ನು ಬೆರೆಸುವುದೇ ತಪ್ಪು. ಹತ್ತು ಗುಂಡಿನ ಕ್ರೋನೋಗ್ರಾಫ್ ಲೆಕ್ಕವೂ ಆ ಹತ್ತರದ್ದು ಮಾತ್ರ. ಹನ್ನೊಂದನೆಯದರ ಬಗ್ಗೆ ಅದಕ್ಕೇನೂ ಗೊತ್ತಿಲ್ಲ.

ತೂಗಬೇಕಾದದ್ದು ಮದ್ದನ್ನು, ಗುಂಡು ಕೂರಿಸುವ ಮೊದಲು. ಕಡ್ಡಿ ಮದ್ದಾದರೆ ಪ್ರತಿಯೊಂದನ್ನೂ ತಟ್ಟೆಯಲ್ಲಿ ತೂಗಿಯೇ ಸುರಿಯಿರಿ. ಅಳತೆಯಂತ್ರವೇ ಬೇಕೆಂದಾದರೆ, ಹಿಡಿ ತಿರುಗಿಸುವಾಗ ಎಲ್ಲಾದರೂ ತಡೆದಂತೆ ಅನಿಸಿದ ಕೂಡಲೇ ಆ ಕೇಸನ್ನೂ ಮುಂದಿನದನ್ನೂ ಖಾಲಿ ಮಾಡಿ ಹೊಸದಾಗಿ ತುಂಬಿ. ಡಿಜಿಟಲ್ ತಕ್ಕಡಿಯನ್ನು ಮೊದಲೇ ಆನ್ ಮಾಡಿ ಬೆಚ್ಚಗಾಗಲು ಬಿಡಿ, ಫ್ಯಾನ್ ಆರಿಸಿ, ಮೊಬೈಲ್ ದೂರವಿಡಿ, ನಡುನಡುವೆ ಪರೀಕ್ಷಾ ತೂಕದ ಕಲ್ಲಿಟ್ಟು ನೋಡಿ. ಕೊನೆಗೆ ಎಲ್ಲ ಕೇಸುಗಳನ್ನೂ ಹಲಗೆಯಲ್ಲಿ ನಿಲ್ಲಿಸಿ ಟಾರ್ಚ್ ಬಿಡಿ. ಮದ್ದು ಕತ್ತಿನವರೆಗೆ ಬಂದಿದ್ದರೆ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ; ಕೆಳಗಿದ್ದರೆ ಗುರುತು ಹಾಕಿದ ಮರದ ಕಡ್ಡಿ ಇಳಿಸಿ ಮಟ್ಟ ನೋಡಬೇಕು.

ಮರುಬಳಕೆಯ ಕೇಸುಗಳ ಅಪಾಯವೇ ಬೇರೆ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಅಲ್ಲಿ ಗೋಡೆ ತೆಳುವಾಗುತ್ತಿರಬಹುದು. ತಂತಿಯ ತುದಿ ಬಗ್ಗಿಸಿ ಒಳಗಿನಿಂದ ಕೆರೆದು ನೋಡಿ. ತಗ್ಗು ಸಿಕ್ಕಿ ತಡೆದರೆ ಎಸೆಯಿರಿ, ಇಲ್ಲದಿದ್ದರೆ ಅದು ಚೇಂಬರಿನಲ್ಲೇ (ತೋಟಾ ಕೂರುವ ನಳಿಗೆಯ ಬುಡದಲ್ಲೇ) ಎರಡು ತುಂಡಾದೀತು. ಬಳಸಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಡೈ ಬಿಗಿಯುವಾಗ, ಕೇಸು ಕತ್ತಿನತ್ತ ಕಿರಿದಾಗುವ ಇಳಿಜಾರಾದ ಭುಜವನ್ನು ಅತಿಯಾಗಿ ಹಿಂದಕ್ಕೆ ತಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಬೋಲ್ಟ್ ರೈಫಲ್‌ಗೆ 0.001ರಿಂದ 0.002 ಇಂಚು ತಳ್ಳಿದರೆ ಸಾಕು. ಕೇಸಿನ ಉದ್ದ 2.015 ಇಂಚು, ಅಂದರೆ 51.18 ಮಿ.ಮೀ. ಮೀರಬಾರದು; ಮೀರಿದರೆ ಬಾಯಿ ಚೇಂಬರಿಗೆ ಒತ್ತಿ ಗುಂಡನ್ನು ಕಚ್ಚಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಪ್ರೈಮರ್ ಮೇಲೆ ಬೆರಳಾಡಿಸಿ. ಅದು ಬುಡಕ್ಕಿಂತ ಕೂದಲೆಳೆಯಷ್ಟು ಕೆಳಗಿರಬೇಕು. ತೋಟಾ ರೈಫಲಿನಲ್ಲಿ ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಕೇಸ್ ಗೇಜ್ ಎಂಬ ಅಳತೆಯಚ್ಚು ಇದೆ. ಜೀವಂತ ತೋಟಾವನ್ನು ಮನೆಯಲ್ಲಿ ರೈಫಲಿಗೆ ಹಾಕಿ ನೋಡುವವರೂ ಇದ್ದಾರೆ, ಏನು ಹೇಳುವುದು!

ಹಾರಿಸುವಾಗ ಸದ್ದು ಮೆತ್ತಗೆ ಬಂದರೆ ಮುಂದಿನದನ್ನು ಹಾಕಲೇಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿದ್ದರೆ ಎರಡನೆಯದು ನಳಿಗೆಯನ್ನು ಸೀಳಬಹುದು. ಟ್ರಿಗರ್ ಎಳೆದರೂ ಮದ್ದು ಹೊತ್ತಿಕೊಳ್ಳದಿದ್ದರೆ ಮೂತಿಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ.

ಒಂದು ತೋಟಾ ಕೆಟ್ಟಿತೆಂದರೆ ಆ ಕಂತನ್ನು ಪೂರ್ತಿ ಬಿಚ್ಚಿ. ಕಣ್ಣಿಗೆ ಕನ್ನಡಕವಿರಲಿ, ಬಡಿದು ಗುಂಡು ಕೀಳುವ ಪುಲ್ಲರ್ ಸಾಕು. ಹೊರಬಂದ ಮದ್ದು ಯಾವ ಡಬ್ಬಿಯದೆಂದು ಚೂರೇ ಅನುಮಾನವಿದ್ದರೂ ಬಣ್ಣ, ಕಾಳು ನೋಡಿ ಊಹಿಸಿ ವಾಪಸು ಸುರಿಯಬೇಡಿ.