ಹೈವೇಯಲ್ಲಿ ತಣ್ಣಗೆ, ರೈಲ್ವೆ ಗೇಟಿನಲ್ಲಿ ಬಿಸಿ: ಹಳೇ ಡೀಸೆಲ್ ಸೆಡಾನ್ ಜೊತೆ ಆರು ಬಳ್ಳಾರಿ ಬೇಸಿಗೆ

ಕಂಪನಿ ಹೆಸರು ಬರೆಯುವುದಿಲ್ಲ. ಮೂರ್ನಾಲ್ಕು ಕಂಪನಿಗಳ ಅದೇ ಕಾಲದ ಗಾಡಿಗಳಿಗೂ ಇದೇ ರೋಗ, ಹೆಸರು ಹೇಳಿದರೆ ಉಳಿದವು ನಿರ್ದೋಷಿ ಅನ್ನಿಸಿಬಿಡುತ್ತವೆ. 2012ರ ಡೀಸೆಲ್ ಸೆಡಾನ್, ಸೆಕೆಂಡ್ ಹ್ಯಾಂಡ್. ಕೈಗೆ ಬಂದಾಗ 78 ಸಾವಿರ ಕಿ.ಮೀ., ಈಗ 1 ಲಕ್ಷ 64 ಸಾವಿರ. ಡಿಕ್ಕಿ ಎಷ್ಟು ಲೀಟರ್, ಏರ್‌ಬ್ಯಾಗ್ ಎಷ್ಟು ಎಂಬುದೆಲ್ಲ ಹುಡುಕಿದರೆ ಸಿಗುತ್ತದೆ. ಆರು ವರ್ಷ ತಲೆ ತಿಂದದ್ದು ಒಂದೇ ವಿಷಯ: ಗಾಡಿ ಹೀಟ್ ಆಗುವುದು.

ಲಕ್ಷಣ ಹೀಗೆ. ಏಪ್ರಿಲ್ ಮಧ್ಯಾಹ್ನ, ಹೊರಗೆ 41 ಡಿಗ್ರಿ, ಸುಧಾ ಕ್ರಾಸ್‌ನಲ್ಲಿ ಗೇಟು ಬಿದ್ದಿದೆ. ಗೂಡ್ಸ್ ಗಾಡಿ ಬರುವಷ್ಟರಲ್ಲಿ ಎ.ಸಿ.ಯಿಂದ ಬೆಚ್ಚನೆ ಗಾಳಿ ಶುರು. ಗೇಟು ಎದ್ದು ಮೂರನೇ ಗೇರಿಗೆ ಬಂದ ಕೂಡಲೇ ಮತ್ತೆ ತಣ್ಣಗೆ. ಇದಕ್ಕೆ ನೂರಕ್ಕೆ ತೊಂಬತ್ತು ಮಂದಿ ಎ.ಸಿ. ಅಂಗಡಿಗೆ ಹೋಗಿ ಗ್ಯಾಸ್ ತುಂಬಿಸುತ್ತಾರೆ. ಗ್ಯಾಸ್ ಕಡಿಮೆಯಾದರೂ ಒಮ್ಮೊಮ್ಮೆ ಹೀಗಾಗುವುದುಂಟು, ಆದರೆ ಮೊದಲು ನೋಡಬೇಕಾದ್ದು ಅದಲ್ಲ. ಓಡುವಾಗ ತಣ್ಣಗೆ, ನಿಂತಾಗ ಬಿಸಿ ಎಂದರೆ ಮೊದಲ ಅನುಮಾನ ಎ.ಸಿ.ಯನ್ನೂ ರೇಡಿಯೇಟರನ್ನೂ ತಂಪಿಡುವ ಮುಂದಿನ ಫ್ಯಾನಿನ ಮೇಲೆ. ಗಾಡಿ ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿರುತ್ತದೆ. ತಿರುವುಮುರುವಾಗಿ, ಊರೊಳಗೆ ಸರಿಯಿದ್ದು ಸಂಡೂರಿನ ಘಾಟಿ ಏರುವಾಗಲೋ ನೂರರ ವೇಗದಲ್ಲೋ ಹೀಟ್ ಆದರೆ ಫ್ಯಾನನ್ನು ಬಿಟ್ಟು ರೇಡಿಯೇಟರ್ ಕಟ್ಟಿಕೊಂಡಿದೆಯೇ, ವಾಟರ್ ಪಂಪ್ ಸೋತಿದೆಯೇ ಎಂದು ನೋಡಬೇಕು. ಇದೊಂದು ತಿಳಿದಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ನಮ್ಮ ಗಾಡಿಯ ಫ್ಯಾನಿಗೆ ಎರಡು ಸ್ಪೀಡು. ನೀರು 97 ಡಿಗ್ರಿ ಸುಮಾರಿಗೆ ಮೊದಲನೆಯದು, 102ರ ಸುಮಾರಿಗೆ ಎರಡನೆಯದು. ಎ.ಸಿ. ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಮೊದಲನೆಯದು ತಾನಾಗಿ ತಿರುಗಬೇಕು. ಬಾನೆಟ್ ಎತ್ತಿ ಕಿವಿಗೊಡಿ, ಗೊತ್ತಾಗುತ್ತದೆ. ತಿರುಗದಿದ್ದರೆ ಮೊದಲು ದೊಡ್ಡ ಫ್ಯೂಸ್ ನೋಡಿ, 30 ಅಥವಾ 40 ಆಂಪ್ಸ್‌ನದು. ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು: ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಮೂರನೆಯದು ಫ್ಯಾನಿನ ಕನೆಕ್ಟರ್; ಪ್ಲಾಸ್ಟಿಕ್ ಕಂದಿ ಕರಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಮೂರೂ ಸರಿಯಿದ್ದರೆ ಕಳ್ಳ ಫ್ಯಾನಿನ ಚೌಕಟ್ಟಿಗೆ ಕಚ್ಚಿಕೊಂಡ ಪುಟ್ಟ ರೆಸಿಸ್ಟರ್. ಮೊದಲ ಸ್ಪೀಡಿಗೆ ಕರೆಂಟು ತಗ್ಗಿಸಿ ಕೊಡುವುದು ಅದೇ. ಕರೆಂಟು ತಗ್ಗಿಸುವುದೆಂದರೆ ಉಳಿದದ್ದನ್ನು ಶಾಖವಾಗಿ ಸುಡುವುದು. ಹೊರಗಿನ ಸೆಖೆ, ರೇಡಿಯೇಟರಿನ ಝಳ ಎರಡರ ನಡುವೆ ಅದು ಎಷ್ಟು ದಿನ ಬಾಳೀತು? ಮಲ್ಟಿಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ.

ಈಗ ಸಿಟ್ಟಿನ ಮಾತು. ಬೆರಳು ಗಾತ್ರದ ಈ ರೆಸಿಸ್ಟರ್ ಅನ್ನು ಕಂಪನಿಯವರು ಬಿಡಿಯಾಗಿ ಕೊಡುವುದಿಲ್ಲ. ಮೋಟಾರು, ರೆಕ್ಕೆ, ಚೌಕಟ್ಟು ಸಮೇತ ಇಡೀ ಫ್ಯಾನ್ ಅಸೆಂಬ್ಲಿ ಕೊಳ್ಳಬೇಕು. ನೂರುಗಳಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಗಳ ಬಿಲ್ಲು. ಆರು ವರ್ಷದಲ್ಲಿ ಎರಡು ಸಲ ಹೋಗಿದೆ. ಎರಡನೇ ಸಲ ಅದೇ ವ್ಯಾಟೇಜಿನ ಹೊರಗಿನ ರೆಸಿಸ್ಟರ್ ತಂದು, ಅಲ್ಯುಮಿನಿಯಂ ಪಟ್ಟಿಯ ಮೇಲೆ ಕೂರಿಸಿ, ಗಾಳಿ ನೇರ ತಾಗುವ ಕಡೆ ಬಿಗಿದದ್ದಾಯಿತು. ತಂತಿ ಸೇರಿಸಿದ ಕಡೆ ಬೆಸುಗೆ ಬೇಡ, ಬಿಸಿಗೆ ಸಡಿಲವಾಗುತ್ತದೆ. ಲೋಹದ ತುದಿಗೆ ಒತ್ತಿ ಬಿಗಿಸಿ, ಅಂದರೆ ಕ್ರಿಂಪ್ ಮಾಡಿಸಿ.

ಎಲೆಕ್ಟ್ರಿಷಿಯನ್ ಹುಡುಗರ ಬಳಿ ಇನ್ನೊಂದು ಮದ್ದಿದೆ: 'ಡೈರೆಕ್ಟ್ ಮಾಡಿಕೊಡ್ತೀನಿ ಅಣ್ಣಾ, ಸ್ವಿಚ್ ಹಾಕಿದ್ರ ಫ್ಯಾನ್ ತಿರುಗ್ತದ.' ಬೇಡ. ಸ್ವಿಚ್ ಹಾಕಲು ಮರೆತ ದಿನ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕಾದು ಹೋಗುತ್ತದೆ, ತೆಗೆಯಲು ಮರೆತ ದಿನ ಬ್ಯಾಟರಿ. ಪೂರ್ತಿ ಸ್ಪೀಡಿನಲ್ಲಿ 20 ಆಂಪ್ಸ್ ಎಳೆಯುವ ಮೋಟಾರಿಗೆ ಡ್ಯಾಶ್‌ಬೋರ್ಡಿನ ತೆಳು ತಂತಿ ಕಾದು ಕರಗುತ್ತದೆ. ಊರು ತಲುಪಲು ಬೇರೆ ದಾರಿಯೇ ಇಲ್ಲವೆಂದಾದರೆ ಪ್ರತ್ಯೇಕ ರಿಲೇ, 30 ಆಂಪ್ಸ್ ಫ್ಯೂಸ್, 4 ಚದರ ಮಿ.ಮೀ. ತಂತಿ. ಇದಕ್ಕಿಂತ ಕಡಿಮೆಯದಕ್ಕೆ ಒಪ್ಪಬೇಡಿ.

ಟೆಂಪರೇಚರ್ ಮುಳ್ಳನ್ನು ನಂಬಿ ಕೂರುವಂತಿಲ್ಲ. ಈ ಕಾಲದ ಬಹಳಷ್ಟು ಗಾಡಿಗಳಲ್ಲಿ ಮುಳ್ಳು 75ರಿಂದ 105 ಡಿಗ್ರಿವರೆಗೂ ನಟ್ಟನಡುವೆ ನಿಲ್ಲುವಂತೆಯೇ ಮಾಡಿರುತ್ತಾರೆ, ನೋಡುವವನಿಗೆ ಗಾಬರಿ ಆಗದಿರಲಿ ಅಂತ. ಅದು ಅಲುಗಾಡಿದಾಗ ತಡವಾಗಿರುತ್ತದೆ. ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರಿನ ಲೆಕ್ಕ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಡಬ್ಬಿ ಕೊಂಡರೆ ಮೊಬೈಲಿನಲ್ಲಿ ನಿಜವಾದ ಡಿಗ್ರಿ ಕಾಣುತ್ತದೆ. ಈ ಗಾಡಿಗೆ ಖರ್ಚಾದ ದುಡ್ಡಿನಲ್ಲಿ ಅತಿ ಸಾರ್ಥಕವಾದದ್ದು ಅದೇ. ಹೊಸಪೇಟೆ ರಸ್ತೆಯಲ್ಲಿ 90ರ ವೇಗ, ಎ.ಸಿ. ಹಾಕಿದ್ದರೆ 88ರಿಂದ 92 ಡಿಗ್ರಿ. ಎ.ಸಿ. ಇಲ್ಲದೆ ಗೇಟಿನಲ್ಲಿ ನಿಂತರೆ 97ಕ್ಕೆ ಏರಿ, ಫ್ಯಾನ್ ತಿರುಗಿ, 93ಕ್ಕೆ ಇಳಿಯಬೇಕು. 105 ದಾಟಿದರೆ ಎ.ಸಿ. ಬಂದ್. 110 ಎಂದರೆ ನೆರಳು ಹುಡುಕಿ ನಿಲ್ಲಿಸುವುದು. ನಿಲ್ಲಿಸಲು ಜಾಗವೇ ಇಲ್ಲದಿದ್ದರೆ ಹೀಟರ್ ಪೂರ್ತಿ ತಿರುಗಿಸಿ, ಒಳಗಿನ ಬ್ಲೋವರ್ ಜೋರು ಮಾಡಿ, ನಾಲ್ಕೂ ಗಾಜು ಇಳಿಸಿ. ಮೇ ತಿಂಗಳ ಬಳ್ಳಾರಿಯಲ್ಲಿ ಹೀಟರ್ ಹಾಕಿಕೊಂಡು ಹೋಗುವವನನ್ನು ನೋಡಿ ಜನ ನಗಲಿ, ಇಂಜಿನ್ನಿನ ಬಿಸಿ ಕ್ಯಾಬಿನ್ನಿಗೆ ಹರಿದು ಐದಾರು ಡಿಗ್ರಿ ಇಳಿಯುತ್ತದೆ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗೆ ಹೊರಗಿನದಕ್ಕಿಂತ ಸುಮಾರು 1 ಬಾರ್ ಹೆಚ್ಚು ಒತ್ತಡವಿರುತ್ತದೆ, ಆ ಒತ್ತಡದಲ್ಲಿ ನೀರು ಕುದಿಯುವುದೇ 120ಕ್ಕೆ. ಮುಚ್ಚಳ ತೆಗೆದ ಕ್ಷಣ ಅಷ್ಟೂ ಮುಖಕ್ಕೆ ಎರಚುತ್ತದೆ.

ಇಲ್ಲಿಯವರೆಗೆ ಬೈದದ್ದಾಯಿತು. ಆದರೆ ರೇಡಿಯೇಟರ್ ಬಿಚ್ಚಿಸಿ ನೋಡಿದ ಮೇಲೆ ಕಂಪನಿಯನ್ನು ಅಷ್ಟು ಬೈಯಬಾರದಿತ್ತು ಅನ್ನಿಸಿತು. ಒಳಗಿನ ಕೊಳವೆಗಳಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಬೋರ್ ನೀರು ಕಾಯಿಸುವ ಹಂಡೆಯ ತಳದಲ್ಲಿ, ವಾಟರ್ ಹೀಟರಿನ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ. ಹಿಂದಿನ ಮಾಲೀಕರು ಇಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್, ಕಡಿಮೆಯಾದಾಗಲೆಲ್ಲ ಕೈಗೆ ಸಿಕ್ಕ ನೀರು ಹೊಯ್ದಿದ್ದರು. ಸಿಂಧನೂರು, ಕುಷ್ಟಗಿ, ಸಿರುಗುಪ್ಪ ಕಡೆ ಕೈಗೆ ಸಿಕ್ಕ ನೀರೆಂದರೆ ಬೋರಿನ ಗಡಸು ನೀರೇ. ಜೊತೆಗೆ ಥರ್ಮೋಸ್ಟಾಟೂ, ಅಂದರೆ ನೀರು ಕಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ವಾಲ್ವೂ, ಇರಲಿಲ್ಲ! 'ನಮ್ಮ ಬಿಸ್ಲಿಗೆ ವಾಲ್ವ್ ಯಾಕ ಬೇಕ್ರಿ, ತೆಗೆದು ಒಗೀರಿ' ಎನ್ನುವ ಮೇಸ್ತ್ರಿಗಳು ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯಲ್ಲಿ ಸಿಗುತ್ತಾರೆ. ತೆಗೆದರೆ ಎರಡು ಕೇಡು. ಬೆಳಿಗ್ಗೆ ಇಂಜಿನ್ ಕಾಯುವುದೇ ಇಲ್ಲ, ಕಂಪ್ಯೂಟರು ತಣ್ಣಗಿದೆ ಎಂದುಕೊಂಡು ಹೆಚ್ಚು ಡೀಸೆಲ್ ಸುರಿಯುತ್ತದೆ, ಮೈಲೇಜು ಕುಸಿಯುತ್ತದೆ. ಎರಡನೆಯದು ಯಾರೂ ಹೇಳದ್ದು: ಈ ಬಗೆಯ ವಾಲ್ವ್ ತೆರೆದುಕೊಂಡಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಹೀಟ್ ತಪ್ಪಲಿ ಅಂತ ತೆಗೆದದ್ದು ಹೀಟಿಗೇ ದಾರಿಯಾಗುತ್ತದೆ. 88 ಡಿಗ್ರಿಯದು ಹೊಸದು ಹಾಕಿಸಿದ ಮೇಲೆ ಲೀಟರಿಗೆ 17ರ ಆಸುಪಾಸು ಇದ್ದ ಮೈಲೇಜು 20 ದಾಟಿತು.

ತೊಳೆಯುವ ಕ್ರಮ ಇಷ್ಟು. ಇಂಜಿನ್ ಪೂರ್ತಿ ತಣ್ಣಗಿರಬೇಕು. ಮುಚ್ಚಳ ತೆಗೆದು ಕೆಳಗಿನ ಹೋಸ್ ಬಿಚ್ಚಿ, ಬೇಸಿನ್ನಿಗೆ ಇಳಿಸಿ. ನೆಲಕ್ಕೆ ಬಿಡಬೇಡಿ, ಕೂಲಂಟ್ ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿ, ಹೀಟರ್ ಪೂರ್ತಿ ತಿರುಗಿಸಿಟ್ಟು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಿಸಿ, ಇಂಜಿನ್ ಬಂದ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಇಳಿಸಿ. ತಿಳಿನೀರು ಬರುವತನಕ ಮೂರು ಸಲವಾದರೂ ಆಗುತ್ತದೆ. ಎಲ್ಲರೂ ಎಡವುವುದು ಕೊನೆಯಲ್ಲಿ. ಎಷ್ಟು ಇಳಿಸಿದರೂ ಬ್ಲಾಕಿನಲ್ಲಿ ಒಂದೆರಡು ಲೀಟರ್ ನೀರು ಉಳಿದೇ ಇರುತ್ತದೆ. ಹೊರಗೆ ಅರ್ಧಕ್ಕರ್ಧ ಬೆರೆಸಿ ಹೊಯ್ದರೆ ಒಳಗೆ ತೆಳುವಾಗುತ್ತದೆ. ಒಟ್ಟು 6 ಲೀಟರ್ ಹಿಡಿಯುವ ಗಾಡಿಗೆ ಮೊದಲು ಎರಡೂವರೆ ಲೀಟರ್ ನೀರು ಬೆರೆಸದ ಗಟ್ಟಿ ಕೂಲಂಟ್ ಹೊಯ್ದು, ಉಳಿದದ್ದಕ್ಕೆ ಡಿಸ್ಟಿಲ್ಡ್ ನೀರು ಕೊಡಿ. ಹಿಮ ಬೀಳದ ಊರಿಗೆ ನೂರಕ್ಕೆ 40 ಭಾಗ ಸಾಕು. ಡಬ್ಬಿಯ ಮೇಲೆ ಹೇಳಿದ ಕನಿಷ್ಠಕ್ಕಿಂತ ಮಾತ್ರ ಇಳಿಸಬೇಡಿ, ತುಕ್ಕು ತಡೆಯುವ ಮದ್ದು ಅದರಲ್ಲೇ ಇರುವುದು. ಬಣ್ಣ ನೋಡಿ ಕೊಳ್ಳಬೇಡಿ. ಹಸಿರಿಗೂ ಗುಲಾಬಿಗೂ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ, ತಪ್ಪು ಜೋಡಿ ಬೆರೆತರೆ ಒಳಗೆ ಲೋಳೆಯಾಗುತ್ತದೆ. ಗಾಳಿ ಬಿಡುವ ಸ್ಕ್ರೂ ಪ್ಲಾಸ್ಟಿಕ್ಕಿನದು, ಗುಳ್ಳೆ ನಿಂತ ಮೇಲೆ ಬೆರಳಲ್ಲೇ ಬಿಗಿಯಿರಿ.

ಹೊರಗಡೆಯದೂ ಇದೆ. ತೋರಣಗಲ್ಲು ಕಡೆ ಓಡಾಡುವ ಗಾಡಿಗೆ ಕೆಂಪು ಅದಿರಿನ ಧೂಳು. ಗಂಗಾವತಿ, ಕಾರಟಗಿ ಕಡೆ ಸುಗ್ಗಿಯಲ್ಲಿ ಭತ್ತದ ಹೊಟ್ಟು ಹಾರಿ ಬಂದು ಎ.ಸಿ. ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಜಾಲರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹತ್ತಿಯಂತೆ ಮೆತ್ತಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಲಕಲಕ, ನಡುವೆ ಕಂಬಳಿ. ವಾಷಿಂಗ್ ಸೆಂಟರಿನವರು ಮುಂದಿನಿಂದ ಪ್ರೆಷರ್ ಗನ್ ಹಿಡಿದರೆ ಹೊಟ್ಟು ಇನ್ನೂ ಒಳಗೆ ಹೋಗಿ ಜಾಲರಿಯ ರೆಕ್ಕೆಗಳೂ ಮಡಚುತ್ತವೆ. ಬಂಪರ್ ಬಿಚ್ಚಿಸಿ, ಇಂಜಿನ್ ಕಡೆಯಿಂದ ಹೊರಕ್ಕೆ, ಗಿಡಕ್ಕೆ ಬಿಡುವ ಪೈಪಿನಲ್ಲಿ ಮೆಲ್ಲಗೆ. ಸುಗ್ಗಿ ಮುಗಿದ ಮೇಲೊಮ್ಮೆ, ಫೆಬ್ರವರಿ ಕೊನೆಗೊಮ್ಮೆ. ಬಿಚ್ಚಿದಾಗಲೇ ವೈರಿಂಗೂ ನೋಡಿಬಿಡಿ. ಭತ್ತದ ನಾಡಿನ ಇಲಿಗೆ ಇಂಜಿನ್ನಿನ ಬೆಚ್ಚನೆ ಜಾಗ ಎಂದರೆ ಪ್ರಾಣ.

ಬೆಳಗಿನ ಪೂಜೆ ಎರಡು ನಿಮಿಷದ್ದು, ಕೀಲಿ ತಿರುಗಿಸುವ ಮೊದಲು. ಗಾಡಿ ಕೆಳಗೆ ಬಗ್ಗಿ ನೆಲ ನೋಡುವುದು: ಎಡಗಡೆ ಒದ್ದೆ ಆರಿದ ಗುರುತು ಎ.ಸಿ. ನೀರಿನದು, ಪರವಾಗಿಲ್ಲ, ಬಣ್ಣವಿದ್ದು ಅಂಟಿದರೆ ಕೂಲಂಟ್. ಕೂಲಂಟ್ ಡಬ್ಬಿಯ ಮಟ್ಟ ಮಿನ್-ಮ್ಯಾಕ್ಸ್ ಗೆರೆಗಳ ನಡುವೆ. ಆಮೇಲೆ ಮೇಲಿನ ಹೋಸ್ ಅನ್ನು ಹಿಸುಕಿ ನೋಡುವುದು. ರಾತ್ರಿಯೆಲ್ಲ ತಣ್ಣಗಾದ ಹೋಸ್ ಮೆತ್ತಗಿರಬೇಕು. ಬೆಳಿಗ್ಗೆಯೂ ಕಲ್ಲಿನಂತೆ ಬಿಗಿದಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಯಿಲ್ ಮುಚ್ಚಳದ ಅಡಿಯಲ್ಲಿ ಮೊಸರಿನಂಥ ನೊರೆಯೂ ಸೇರಿದರೆ ಅನುಮಾನವೂ ಉಳಿಯುವುದಿಲ್ಲ. ಇದು ಮುಗಿದ ಮೇಲೆಯೇ ಒಗ್ಗರಣೆ-ಮಿರ್ಚಿ.

ಬ್ರ್ಯಾಂಡುಗಳ ಮಾತು ಚುಟುಕಾಗಿ. ಅಂಬಾಸಡರ್ 2014ರಲ್ಲಿ ನಿಂತಿತು; ಸೋರದ ಅಂಬಾಸಡರ್ ಇರಲಿಲ್ಲ, ರಿಪೇರಿಯಾಗದ್ದೂ ಇರಲಿಲ್ಲ. ಪದ್ಮಿನಿಯ ಪೆಟ್ರೋಲ್ ಬಿಸಿಲಿಗೆ ಪಂಪಿನಲ್ಲೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಹೊರಡುತ್ತಿತ್ತು. ಮಾರುತಿ 800ರ 796 ಸಿಸಿ ಇಂಜಿನ್ ಗಟ್ಟಿ, ಆದರೆ ಅಲ್ಯುಮಿನಿಯಂ ಹೆಡ್ ಒಮ್ಮೆ ಕಾದರೆ ಸೊಟ್ಟಗಾಗುತ್ತದೆ. ಇಂಡಿಕಾ ಡೀಸೆಲ್ಲಿನ ಬಿಡಿಭಾಗ ಇಂದಿಗೂ ಸಣ್ಣ ಊರಲ್ಲೂ ಸಿಗುತ್ತದೆ. ಫಿಯೆಟ್ಟಿನ 1248 ಸಿಸಿ ಮಲ್ಟಿಜೆಟ್ ಮಾರುತಿ, ಟಾಟಾ ಗಾಡಿಗಳಲ್ಲೂ ಕೂತಿದ್ದರಿಂದ ಫಿಯೆಟ್ ಹೋದರೂ ಅದು ಅನಾಥವಾಗಲಿಲ್ಲ. ಹಳೇ ಕಾರು ಕೊಳ್ಳುವಾಗ ಲೋಗೋ ನೋಡುವುದಕ್ಕಿಂತ, ಅದೇ ಇಂಜಿನ್ ಬೇರೆ ಯಾರ ಗಾಡಿಯಲ್ಲಿದೆ ಎಂದು ನೋಡಿ. ಬಾಡಿ ಪಾರ್ಟು ಮಾತ್ರ ಹಾಗೆ ಸಿಗುವುದಿಲ್ಲ. ನಮ್ಮ ಗಾಡಿಯ ಎಡ ಹೆಡ್‌ಲೈಟು ಗುಜರಿಯದೇ.

ಇಷ್ಟಾದರೂ ಮಾರಿಲ್ಲ. ಸಿರುಗುಪ್ಪದಿಂದ ಸಿಂಧನೂರಿಗೆ ಒಮ್ಮೆ ಹೋಗಿ ನೋಡಿ. ಎರೆ ನೆಲ, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗಿರುತ್ತದೆ. ಈಚಿನ ಹಗುರ ಗಾಡಿಗಳು ಅಲ್ಲಿ 60ಕ್ಕೇ ಕುಣಿಯುತ್ತವೆ. ಇದು 80ರಲ್ಲಿ ಒಂದೇ ಸಲ ಕೂತು ಏಳುತ್ತದೆ, ಎರಡನೇ ಕುಣಿತ ಇಲ್ಲ. ಹೈಡ್ರಾಲಿಕ್ ಸ್ಟೀರಿಂಗ್ ಭಾರ, ಊರೊಳಗೆ ತೋಳು ನೋಯುತ್ತದೆ. ಅದೇ ಭಾರ ಆ ರಸ್ತೆಯಲ್ಲಿ ಧೈರ್ಯ. ರಾತ್ರಿ ಎಂಟರ ಮೇಲೆ ಎ.ಸಿ. ಬಂದ್ ಮಾಡಿ ಗಾಜು ಇಳಿಸಿದರೆ ನೀರು ಕಟ್ಟಿದ ಗದ್ದೆಯ ತಂಪು, ಮೊಬೈಲಿನಲ್ಲಿ 86 ಡಿಗ್ರಿ. ವರ್ಷಕ್ಕೆ 25 ಸಾವಿರದ ಒಳಗೆ ಸಂಭಾಳಿಸುವುದು ಎಂದು ಗೆರೆ ಹಾಕಿಕೊಂಡದ್ದು. ಆರರಲ್ಲಿ ನಾಲ್ಕು ವರ್ಷ ಗೆರೆ ದಾಟಿಲ್ಲ. ದಿನಾ ಬಾನೆಟ್ ಎತ್ತಲು ಬೇಸರಪಡುವವರು ಈ ವಯಸ್ಸಿನ ಯಾವ ಡೀಸೆಲ್ಲನ್ನೂ ಕೊಳ್ಳಬೇಡಿ, ಪೆಟ್ರೋಲಿನದೇ ನೋಡಿ.

ಈ ಸಲ ಮಾರ್ಚಿಗೆ ಮೊದಲು ಕೆಳಗಿನ ಹೋಸ್ ಬದಲಾಗಬೇಕಿದೆ, ತುದಿಯಲ್ಲಿ ಸಣ್ಣ ಬಿರುಕು ಬಂದಿದೆ. ಮೇಸ್ತ್ರಿ ಸ್ಕ್ರೂ ಬಿಗಿಯುವ ಕ್ಲಿಪ್ ಹಾಕಲು ಬಂದರೆ ತಡೆಯಬೇಕು. ರೇಡಿಯೇಟರಿನ ಮೂತಿ ಪ್ಲಾಸ್ಟಿಕ್ಕಿನದು, ಕಾದಾಗ ಹಿಗ್ಗುತ್ತದೆ. ಹಳೇ ಸ್ಪ್ರಿಂಗ್ ಕ್ಲಿಪ್ ಅದರ ಜೊತೆ ತಾನೂ ಹಿಗ್ಗುತ್ತದೆ, ಸ್ಕ್ರೂ ಕ್ಲಿಪ್ ಮೂತಿಯನ್ನೇ ಸೀಳುತ್ತದೆ.