ಒಂಟಿ ಕೋಳಿಗೆ ಜೊತೆ ಬೇಕೆಂದು ಸಂತೆಗೆ ಹೋಗುವವರೇ, ಸ್ವಲ್ಪ ನಿಲ್ಲಿ

ಸಂತೆಯಲ್ಲಿ "ಲಸಿಕೆ ಆಗಿದೆ" ಎಂದು ಹೇಳಿ ಮಾರುವ ನಾಟಿ ಕೋಳಿಯನ್ನು ತಂದ ದಿನವೇ ಮನೆಯ ಕೋಳಿಯ ಜೊತೆ ಬಿಡಬೇಡಿ. ರೋಗದಲ್ಲಿ ಎಲ್ಲವನ್ನೂ ಕಳೆದುಕೊಂಡು ಒಂದೇ ಒಂದು ಉಳಿದಿರುವವರಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ. ಆತುರ ಅಂಥವರಿಗೇ ಹೆಚ್ಚು.

ಈ ಬೇಸಿಗೆಯಲ್ಲಿ ನಮ್ಮ ಹಿತ್ತಿಲಿಗೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂತು. ಹಸಿರು ಬೆರೆತ ಭೇದಿ, ಏದುಸಿರು, ಕತ್ತು ತಿರುಚಿಕೊಳ್ಳುವುದು. ನೋಡನೋಡುತ್ತಲೇ ಹುಂಜ, ಮರಿಗಳೆಲ್ಲ ಹೋಗಿ ಒಂದು ಕರಿ ಹೇಂಟೆ ಮಾತ್ರ ಬದುಕಿತು. ಮೇಯಲು ಬೇಲಿಯಾಚೆ ಹೋಗದೆ ಕರುವಿನ ಕಾಲಬಳಿಯೇ ನಿಲ್ಲುತ್ತಿತ್ತು. ಸಂಜೆ ಖಾಲಿ ಗೂಡಿಗೆ ಹೋಗಲೊಲ್ಲದೆ ಕೂಗುತ್ತಿತ್ತು. ಆ ಕೂಗು ಕೇಳಿ ಸುಮ್ಮನಿರುವುದು ಕಷ್ಟ.

ಆದರೂ ಪಶುವೈದ್ಯರ ಮಾತಿನಂತೆ ಕಾದೆವು. ಚೇತರಿಸಿಕೊಂಡ ಕೋಳಿಯೂ ಕೆಲವು ಕಾಲ ವೈರಸ್ಸನ್ನು ಹೊರಹಾಕುತ್ತದೆ, ಹಿಕ್ಕೆಯಲ್ಲಿ ಅದು ವಾರಗಟ್ಟಲೆ ಉಳಿಯಬಲ್ಲದು. ಗೂಡಿನ ಹುಲ್ಲು ಸುಟ್ಟು, ಸುಣ್ಣ ಬಳಿದು, ಬಿಸಿಲಿಗೆ ತೆರೆದಿಟ್ಟೆವು. ಆಮೇಲೆ ಸಂತೆಯಿಂದ ಎರಡು ಹೇಂಟೆ ತಂದೆವು. ಒಂದನ್ನೇ ತಂದರೆ ಹಳೆಯದರ ಕುಕ್ಕಾಟವೆಲ್ಲ ಅದರ ಮೇಲೇ ಬೀಳುತ್ತದೆ. ಮಾರಿದವನು ದೇವರ ಮೇಲೆ ಆಣೆ ಇಟ್ಟು, ಎಲ್ಲ ಇಂಜೆಕ್ಷನ್ ಆಗಿದೆ ಎಂದ.

ನಮ್ಮ ಅತ್ತೆ ಅವೆರಡನ್ನೂ ಸೌದೆ ಕೊಟ್ಟಿಗೆಯಲ್ಲೇ ಇರಿಸಿದರು. ಕರಿ ಹೇಂಟೆ ಉಳಿದದ್ದು ಅದರಿಂದ. ಎರಡೇ ದಿನಕ್ಕೆ ಹೊಸ ಕೋಳಿಗಳ ಮುಖ ಊದಿ ಕಣ್ಣು ಮುಚ್ಚಿಹೋಯಿತು, ಮೂಗಿನಿಂದ ಕೊಳೆತ ವಾಸನೆಯ ಸಿಂಬಳ. ಕೊರೈಜಾ ಎಂಬ ಅಂಟು ನೆಗಡಿ ಎಂದರು ವೈದ್ಯರು. ಒಂದು ಸತ್ತಿತು. ಇನ್ನೊಂದು ಔಷಧಿಗೆ ಗುಣವಾಯಿತಾದರೂ ಜೊತೆಗೆ ಬಿಡುವಂತಿಲ್ಲ, ವಾಸಿಯಾದ ಕೋಳಿಯೂ ಈ ರೋಗಾಣುವನ್ನು ಹೊತ್ತು ತಿರುಗುತ್ತದೆ. ಕೇಳಲು ಹೋದರೆ ಆ ವ್ಯಾಪಾರಿ "ನಿಮ್ಮ ಮನೆಯ ನೀರೇ ಸರಿಯಿಲ್ಲ" ಎಂದು ಮುಖ ತಿರುಗಿಸಿದ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಲಸಿಕೆ ಆಗಿದೆ ಎಂದರೆ ಯಾವ ರೋಗಕ್ಕೆ, ಯಾವ ವಯಸ್ಸಿನಲ್ಲಿ ಎಂದು ಕೇಳಿ. ರಾಣಿಖೇತ್‌ಗೆ ಮರಿ 5ರಿಂದ 7 ದಿನದ್ದಿರುವಾಗ ಕಣ್ಣಿಗೋ ಮೂಗಿಗೋ ಹನಿ, ಸುಮಾರು 8 ವಾರಕ್ಕೆ ಚುಚ್ಚುಮದ್ದು ಹಾಕುವುದು ರೂಢಿ. ಅದು ಕೊರೈಜಾವನ್ನು ತಡೆಯುವುದಿಲ್ಲ. ಲಸಿಕೆಯ ಬಾಟಲಿ ನೂರಾರು ಕೋಳಿಗಳಿಗೆ ಆಗುವಷ್ಟು ಬರುತ್ತದೆ, ಕಲಸಿದ ಮೇಲೆ ಬೇಗ ಮುಗಿಸಬೇಕು. ಹಾಗಾಗಿ ನಾಲ್ಕು ಕೋಳಿ ಸಾಕುವವರು ಒಬ್ಬರೇ ತರುವುದು ಅಪರೂಪ, ಕೇರಿಯವರು ಸೇರಿ ಒಂದೇ ದಿನ ಹಾಕಿಸಿ.

ಹೊಸ ಕೋಳಿಯನ್ನು ಒಂದು ತಿಂಗಳಾದರೂ ದೂರ ಇಡಿ. ನೀರು, ಕಾಳಿನ ಪಾತ್ರೆ ಬೇರೆಯಿರಲಿ. ಮೊದಲು ಹಳೆಯದಕ್ಕೆ ಮೇವು ಹಾಕಿ, ಆಮೇಲೆ ಹೊಸದರ ಬಳಿ ಹೋಗಿ, ಬಂದ ಮೇಲೆ ಕೈಕಾಲು ತೊಳೆಯಿರಿ. ತಿಂಗಳು ಕಳೆದ ಮೇಲೂ ಕೆಲವು ದಿನ ನಡುವೆ ಜಾಲರಿ ಇರಲಿ, ಕಂಡು ಅಭ್ಯಾಸವಾದರೆ ಜಗಳ ಕಡಿಮೆ.

ನಮ್ಮ ಹೇಂಟೆಗೆ ಕೊನೆಗೆ ಜೊತೆಯಾದದ್ದು ಪಕ್ಕದೂರಿನ ಚಿಕ್ಕಮ್ಮನ ಮನೆಯ ಹೇಂಟೆಗಳು. ಅವು ಮರಿಯಾಗಿದ್ದಾಗಿನಿಂದ ನಾವು ನೋಡಿದವು. ಆದರೂ ಸೌದೆ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಹೊಡೆದು, ಅವುಗಳನ್ನು ಒಂದು ತಿಂಗಳು ಅಲ್ಲೇ ಇಟ್ಟೆವು. ಚಿಕ್ಕಮ್ಮ ಬೇಸರ ಮಾಡಿಕೊಳ್ಳಲಿಲ್ಲ.